ಬಾಲಿಯ ಗಮೆಲಾನ್: ದೇಗುಲದ ಅಂಗಳ ಮತ್ತು ರಂಗಮಂಚ

ಬಾಲಿ ದ್ವೀಪದ ಗಮೆಲಾನ್ ವಾದ್ಯಮೇಳವನ್ನು ಕುರಿತ ಬರಹಗಳಲ್ಲಿ 'ಆರಾಧನೆಯ ಸಂಗೀತ', 'ಪ್ರದರ್ಶನದ ಸಂಗೀತ' ಎಂಬ ವಿಂಗಡಣೆ ರೂಢವಾಗಿದೆ. ಈ ವಿಂಗಡಣೆಗೇ ಒಂದು ಚರಿತ್ರೆಯಿದೆ. ಪ್ರವಾಸೋದ್ಯಮವು ದೇಗುಲದ ಕುಣಿತಗಳನ್ನು ಹೋಟೆಲುಗಳಿಗೆ ಕರೆತರುತ್ತಿದ್ದ ಕಾಲದಲ್ಲಿ, 1971ರಲ್ಲಿ, ಡೆನ್‌ಪಸಾರ್‌ನಲ್ಲಿ ನಡೆದ ವಿಚಾರ ಸಂಕಿರಣವು ಬಾಲಿಯ ನೃತ್ಯಗಳನ್ನು ವಾಲಿ, ಬೆಬಾಲಿ, ಬಾಲಿಹ್-ಬಾಲಿಹಾನ್ ಎಂದು ಮೂರಾಗಿ ವರ್ಗೀಕರಿಸಿತು. ಮೊದಲನೆಯದು ಪೂಜಾವಿಧಿಯ ಅಂಗ, ಎರಡನೆಯದು ವಿಧಿಯ ಒಡನಾಡಿ, ಮೂರನೆಯದು ನೋಡಿ ಆನಂದಿಸುವುದಕ್ಕೆ. 2015ರಲ್ಲಿ ಯುನೆಸ್ಕೊ ಬಾಲಿಯ ನೃತ್ಯಗಳನ್ನು ತನ್ನ ಪಟ್ಟಿಗೆ ಸೇರಿಸಿದಾಗಲೂ ಇದೇ ಮೂರು ವರ್ಗಗಳು ಉಳಿದುಕೊಂಡವು. ಕುಣಿತವನ್ನು ಮೇಳದಿಂದ ಬೇರ್ಪಡಿಸಲಾಗದ ಕಾರಣ ಸಂಗೀತಕ್ಕೂ ಈ ಅಳತೆಗೋಲು ಅನ್ವಯಿಸಿತು.

ದೇಗುಲದ ಉತ್ಸವವಾದ ಓಡಲಾನ್ ಬಹುಪಾಲು 210 ದಿನಗಳಿಗೊಮ್ಮೆ ಬರುತ್ತದೆ. ಅಲ್ಲಿ ನುಡಿಸುವವರು ಊರಿನ ಸೆಕಾಹ ಎಂಬ ಕೂಟದ ಸದಸ್ಯರು. ಲೆಲಂಬತಾನ್ ಎಂಬ ನಿಧಾನಗತಿಯ ಕೃತಿಗಳು ಪೂಜೆಯ ನಡೆಯನ್ನು ಅನುಸರಿಸಿ ಸಾಗುತ್ತವೆ. ಪುರೋಹಿತರ ವಿಧಿ ದೀರ್ಘವಾದರೆ ವಾದನವೂ ದೀರ್ಘವಾಗುತ್ತದೆ. ಮಂತ್ರ, ಗಂಟೆ, ಕಿಡುಂಗ್ ಗಾಯನ, ಕುಲ್ಕುಲ್ ಎಂಬ ಮರದ ಕೊರಡಿನ ಬಡಿತ ಇವೆಲ್ಲ ಗಮೆಲಾನಿನೊಡನೆ ಏಕಕಾಲಕ್ಕೆ ಕೇಳಿಬರುತ್ತವೆ. ಒಂದು ಮತ್ತೊಂದಕ್ಕಾಗಿ ಕಾಯುವುದಿಲ್ಲ. ಕಛೇರಿಗೆ ಒಗ್ಗಿದ ಕಿವಿಗೆ ಗದ್ದಲವೆನಿಸುವ ಈ ನಿಬಿಡತೆಯೇ ಅಲ್ಲಿ ಉತ್ಸವದ ಸಫಲತೆಯ ಲಕ್ಷಣ. ಆಲಿಸುವವರಲ್ಲಿ ಮೊದಲಿಗರು ಇಳಿದುಬಂದ ದೇವತೆಗಳು. ಮನುಷ್ಯರು ಬಂದು ಹೋಗುತ್ತಿರುತ್ತಾರೆ.

ರಂಗಮಂಚದ ಮೇಲೆ ಕಾಲ ನಿಗದಿತ, ಆರಂಭ ಅಂತ್ಯಗಳು ಖಚಿತ. ಆದರೆ ಇದನ್ನೆಲ್ಲ ಪ್ರವಾಸಿಗರ ತಲೆಗೆ ಕಟ್ಟುವುದು ಸರಿಯಲ್ಲ. 1906 ಮತ್ತು 1908ರ ಡಚ್ ದಾಳಿಗಳಿಂದ ಅರಮನೆಗಳ ಪ್ರಾಬಲ್ಯ ಕುಸಿಯಿತು. ಉತ್ತರ ಬಾಲಿಯಲ್ಲಿ 1915ರ ಸುಮಾರಿಗೆ ಗೊಂಗ್ ಕೆಬ್ಯಾರ್ ಎಂಬ ರಭಸದ ಶೈಲಿ ತಲೆಯೆತ್ತಿತು. ಹಲವೆಡೆ ಹಳೆಯ ಮೇಳಗಳ ಕಂಚನ್ನು ಕರಗಿಸಿ ಹೊಸ ವಾದ್ಯಗಳನ್ನು ಎರಕಹೊಯ್ದರು. ಊರೂರುಗಳ ಪೈಪೋಟಿಯೇ ಈ ಶೈಲಿಯನ್ನು ಬೆಳೆಸಿತು. ಇಂದು ಓಡಲಾನಿನಲ್ಲಿ ಲೆಲಂಬತಾನ್ ನುಡಿಸುವುದೂ ಅನೇಕ ಕಡೆ ಈ ಕೆಬ್ಯಾರ್ ವಾದ್ಯಗಳ ಮೇಲೆಯೇ. 1979ರಲ್ಲಿ ಆರಂಭವಾದ ಬಾಲಿ ಕಲಾ ಉತ್ಸವದಲ್ಲಿ ಎರಡು ಮೇಳಗಳು ಎದುರುಬದುರು ಕುಳಿತು ಸ್ಪರ್ಧಿಸುವಾಗ, ತಮ್ಮ ಸೀಮೆಯ ಮೇಳಕ್ಕೆ ಜಯಕಾರ ಹಾಕುವ ಪ್ರೇಕ್ಷಕರು ಬಾಲಿಯವರೇ. ಅದು ರಂಗಪ್ರದರ್ಶನವೂ ಹೌದು, ಸಮುದಾಯದ ಸಂದರ್ಭವೂ ಹೌದು.

ಪೆಂಡೆಟ್ ನೃತ್ಯದ ಸಂಗತಿ ಇನ್ನೂ ಕುತೂಹಲಕರ. ದೇವತೆಗಳನ್ನು ಎದುರುಗೊಳ್ಳುವ ಈ ಕುಣಿತ ಅತಿಥಿಗಳ ಸ್ವಾಗತಕ್ಕೆ ಬಳಕೆಯಾಗತೊಡಗಿದಾಗ ಧಾರ್ಮಿಕ ವಲಯದಲ್ಲಿ ಕಳವಳ ಹುಟ್ಟಿತು. ಅದಕ್ಕೆ ಬದಲಾಗಿ ಡೆನ್‌ಪಸಾರ್‌ನ ಕಲಾಶಾಲೆ ಪನ್ಯೆಂಬ್ರಮ ಎಂಬ ಹೊಸ ಸ್ವಾಗತ ನೃತ್ಯವನ್ನು ರೂಪಿಸಿತು. ಕೆಲವೇ ವರ್ಷಗಳಲ್ಲಿ ಶಾಲೆಯಲ್ಲಿ ಅದನ್ನು ಕಲಿತ ಹೆಣ್ಣುಮಕ್ಕಳು ತಮ್ಮೂರಿನ ದೇಗುಲದಲ್ಲಿ ಅದನ್ನೇ ಕುಣಿಯತೊಡಗಿದರು. ದೇಗುಲವನ್ನು ಕಾಯಲೆಂದು ಹುಟ್ಟಿದ ಲೌಕಿಕ ಕೃತಿ ತನ್ನ ಸಂಗೀತದೊಡನೆ ದೇಗುಲವನ್ನೇ ಪ್ರವೇಶಿಸಿತು. ವಿದ್ವಾಂಸರು ಇದನ್ನು ವರ್ಗೀಕರಣದ ಸೋಲೆಂದು ಬಗೆದರೂ ಊರಿನವರಿಗೆ ಹಾಗೆ ಅನಿಸಿದಂತಿಲ್ಲ. ಚೆನ್ನಾಗಿ ಒದಗಿಬಂದುದನ್ನು ದೇವರಿಗೂ ಅರ್ಪಿಸುವುದು ಅವರಿಗೆ ಸಹಜ.

ಹಾಗೆಂದು ಎಲ್ಲವೂ ಎಲ್ಲೆಡೆ ಸಲ್ಲುತ್ತದೆಂದಲ್ಲ. ತೆಂಗಾನಾನ್ ಗ್ರಾಮದ ಕಬ್ಬಿಣದ ಸೆಲೊಂಡಿಂಗ್ ವಾದ್ಯಗಳನ್ನು ಹೊರಗಿನವರು ಮುಟ್ಟುವಂತಿಲ್ಲ. ಆದರೆ ಅದೇ ಶ್ರುತಿಯಲ್ಲಿ ಬೇರೆ ವಾದ್ಯಗಳನ್ನು ತಯಾರಿಸಿ ಊರಿನಾಚೆ ನುಡಿಸುವುದು ಈಗ ರೂಢಿಯಲ್ಲಿದೆ. ಮೂಲ ವಾದ್ಯಗಳು ಮಾತ್ರ ತಮ್ಮ ವಿಧಿಯ ದಿನಗಳಿಗಾಗಿ ಊರಿನಲ್ಲೇ ಉಳಿದಿವೆ.