ನೆಲ ಒರೆಸುವ ಬಟ್ಟೆ

ಉಟ್ಟು, ಹೊದೆದು, ಹಾಸಿ ಸವೆದ ಹತ್ತಿಯ ವಸ್ತ್ರವನ್ನು ಹರಿದು ಮಡಿಸಿ, ಬೇಕಿದ್ದರೆ ಹೊಲಿದು, ನೆಲದ ಧೂಳನ್ನೂ ಜಿಡ್ಡನ್ನೂ ನೀರಿನ ಸಹಾಯದಿಂದ ತೆಗೆಯುವುದಕ್ಕಾಗಿ ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವ, ಒಗೆದು ಒಣಗಿಸಿ ಮರಳಿ ಮರಳಿ ಬಳಸುವ ಉಪಕರಣ. ಒರಸುಬಟ್ಟೆ ಎಂದೂ, ಉತ್ತರ ಕರ್ನಾಟಕದಲ್ಲಿ ನೆಲ ಒರಸೋ ಅರಿವೆ ಎಂದೂ ಇದನ್ನು ಕರೆಯುತ್ತಾರೆ. ಅಡುಗೆಮನೆಯ ಮಸಿಬಟ್ಟೆ ಇದರ ಹತ್ತಿರದ ಬಂಧು. ಒಮ್ಮೆ ಬಳಸಿ ಎಸೆಯುವ ಒರಸುಹಾಳೆಗಳಿಗೆ ಪರ್ಯಾಯವನ್ನು ಅರಸುವವರು ಸಾಮಾನ್ಯವಾಗಿ ಯಾವುದಾದರೊಂದು ದ್ರಾವಣದ ಪಾಕವಿಧಾನದಿಂದಲೇ ಆರಂಭಿಸುತ್ತಾರೆ. ಆದರೆ ನೆಲ ಶುಚಿಯಾಗುವುದರಲ್ಲಿ ಮೊದಲ ಪಾತ್ರ ಬಟ್ಟೆಯ ನೂಲಿನದು, ಅನಂತರದ್ದು ನೀರಿನದು, ದ್ರಾವಣದ್ದು ಕಟ್ಟಕಡೆಯದು. ಆದುದರಿಂದ ಈ ಲೇಖನದಲ್ಲಿ ಬಟ್ಟೆಗೇ ಪ್ರಾಧಾನ್ಯವನ್ನು ಕೊಟ್ಟಿದೆ.

ಪೂರ್ವೇತಿಹಾಸ

ಮಣ್ಣಿನ ನೆಲವನ್ನು ಒರೆಸುವುದಿಲ್ಲ, ಸಾರಿಸುತ್ತಾರೆ. ಸೆಗಣಿಯನ್ನು ನೀರಿನಲ್ಲಿ ಕದಡಿ ಅಂಗೈಯಿಂದಲೋ, ಮಲೆನಾಡಿನಲ್ಲಾದರೆ ಅಡಿಕೆ ಹಾಳೆಯ ತುಂಡಿನಿಂದಲೋ, ಅರ್ಧವೃತ್ತಗಳ ಸಾಲಾಗಿ ಹಿಂದೆ ಹಿಂದೆ ಸರಿಯುತ್ತ ಬಳಿಯುವ ಆ ಕ್ರಿಯೆಯಲ್ಲಿ ಕೊಳೆಯನ್ನು ತೆಗೆಯುವುದಕ್ಕಿಂತ ಹೊಸದೊಂದು ತೆಳುವಾದ ಪದರವನ್ನು ಕೂರಿಸುವುದೇ ಉದ್ದೇಶವಾಗಿತ್ತು. ಗಾರೆ, ಕಲ್ಲುಚಪ್ಪಡಿ, ರೆಡ್ ಆಕ್ಸೈಡಿನ ಕೆಂಪು ನೆಲ ಇವು ಮನೆಗಳಿಗೆ ಬಂದಂತೆಲ್ಲ ಬಳಿಯುವ ಕೈಗೆ ಒರೆಸುವ ಬಟ್ಟೆ ಬಂದಿತೆಂದು ಊಹಿಸುವುದು ಯುಕ್ತ. ಕ್ರಿಯೆ ಬದಲಾದರೂ ಮಾತು ಬದಲಾಗಲಿಲ್ಲ: ಟೈಲ್ಸ್ ಹಾಕಿದ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದಕ್ಕೂ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಇಂದಿಗೂ ಸಾರಿಸುವುದು ಎಂದೇ ಹೇಳುತ್ತಾರೆ.

ಅನ್ಯದೇಶಗಳ ಪೈಕಿ ಜಪಾನಿನ ಝೋಕಿನ್ ವಿಶೇಷವಾಗಿ ಉಲ್ಲೇಖಾರ್ಹ. ಹಳೆಯ ಟವೆಲನ್ನು ಮಡಿಸಿ, ಅಂಚಿನಲ್ಲಿ ಸುತ್ತಲೂ, ಮಧ್ಯದಲ್ಲಿ ಕರ್ಣರೇಖೆಗಳಾಗಿ ಹೊಲಿದ ಈ ಬಟ್ಟೆಯಿಂದ ಅಲ್ಲಿನ ಶಾಲಾಮಕ್ಕಳು ತಮ್ಮ ತರಗತಿಯ ನೆಲವನ್ನು ತಾವೇ ಒರೆಸುವ ಪದ್ಧತಿ ಇದೆ. ಅದೇ ದೇಶದ ಕಾವೊ ಸಂಸ್ಥೆ 1994ರಲ್ಲಿ ಕೋಲಿಗೆ ಸಿಕ್ಕಿಸಿ ಬಳಸಿ ಎಸೆಯುವ ಹಾಳೆಯನ್ನು ಮಾರುಕಟ್ಟೆಗೆ ತಂದಿತು. 1999ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ಸ್ವಿಫರ್ ಅದೇ ಬಗೆಯದಾಗಿ ಬಂದು ಜನಪ್ರಿಯವಾಯಿತು. ಕುಳಿತು ಒರೆಸುವ ಕಷ್ಟವನ್ನು ತಪ್ಪಿಸಿದ ಉಪಕರಣವಾದರೋ ಇವೆರಡಕ್ಕಿಂತ ಹಳೆಯದು: ಸ್ಪೇನಿನ ಎಂಜಿನಿಯರ್ ಮಾನುವೆಲ್ ಹಲೋನ್ ಕೋರೊಮಿನಾಸ್ 1956ರಲ್ಲಿ ಕೋಲಿನ ಒರಸುಬಟ್ಟೆಗೆ ಹಿಂಡುವ ಬಕೆಟ್ಟನ್ನು ಜೊತೆಗೂಡಿಸಿ ಪ್ರಚಾರಕ್ಕೆ ತಂದನು.

ನೂಲಿನ ಗುಣ

ಹೊಸ ಬಟ್ಟೆ ನೆಲ ಒರೆಸುವುದಕ್ಕೆ ಬಾರದು ಎಂಬ ಗೃಹಿಣಿಯರ ಅನುಭವದ ಮಾತಿಗೆ ವಸ್ತ್ರಶಾಸ್ತ್ರದಲ್ಲಿ ಸ್ಪಷ್ಟವಾದ ಆಧಾರವಿದೆ. ಗಿಡದಿಂದ ಬಿಡಿಸಿದ ಹತ್ತಿಯ ಎಳೆಯ ಮೈಮೇಲೆ ಸಹಜವಾದ ಮೇಣದ ಲೇಪವಿರುವುದರಿಂದ ಅದು ನೀರನ್ನು ಒಡನೆ ಒಳಗೊಳ್ಳುವುದಿಲ್ಲ. ನೇಯುವ ಮುನ್ನ ಹಾಸಿನ ಎಳೆಗಳು ಉಜ್ಜಿ ಹರಿಯದಿರಲೆಂದು ನೇಕಾರರು ಗಂಜಿ ಹಾಕುತ್ತಾರೆ. ಅಂಗಡಿಗೆ ಬರುವ ಮೊದಲು ಹೊಳಪಿಗಾಗಿಯೂ ಗಡುಸಿಗಾಗಿಯೂ ಮತ್ತಷ್ಟು ಲೇಪಗಳು ಕೂಡುತ್ತವೆ. ಸಂಸ್ಕರಣದಲ್ಲಿ ಮೇಣವೂ ಗಂಜಿಯೂ ಬಹುಮಟ್ಟಿಗೆ ಕಳೆಯುವುವಾದರೂ, ಉಳಿದದ್ದು ಹೋಗುವುದು ಮನೆಯ ಒಗೆತದಲ್ಲಿ. ಹತ್ತಾರು ಸಲ ಸಾಬೂನು ಕಂಡು, ಒಗೆಯುವ ಕಲ್ಲಿನ ಮೇಲೆ ಬಡಿಸಿಕೊಂಡು, ಬಿಸಿಲಿನಲ್ಲಿ ಒಣಗಿದ ಪಂಚೆಯಲ್ಲಿ ಎಳೆಗಳ ಮೇಲ್ಮೈ ಸೀಳಿ ಸೂಕ್ಷ್ಮವಾದ ನವಿರು ಎದ್ದಿರುತ್ತದೆ. ಆ ನವಿರಿನ ನಡುವಣ ಸಂದುಗಳೇ ನೀರನ್ನು ಎಳೆದುಕೊಂಡು, ಧೂಳಿನ ಕಣವನ್ನು ಹಿಡಿದಿಡುವ ಸ್ಥಳಗಳು. ಹೊಸ ಪಂಚೆಯ ತುದಿಯನ್ನೂ ಹತ್ತು ವರ್ಷದ ಪಂಚೆಯ ತುದಿಯನ್ನೂ ಪಕ್ಕಪಕ್ಕದಲ್ಲಿ ಹಾಸಿ ಒಂದೊಂದು ಹನಿ ನೀರು ಬಿಟ್ಟು ನೋಡಿದರೆ, ಮೊದಲನೆಯದರ ಮೇಲೆ ಹನಿ ಕೆಲಕಾಲ ಮಣಿಯಂತೆ ನಿಂತಿದ್ದು, ಎರಡನೆಯದರಲ್ಲಿ ಕಣ್ಣೆವೆ ಮುಚ್ಚುವಷ್ಟರಲ್ಲಿ ಇಂಗಿ ಹರಡುವುದು ಕಾಣುತ್ತದೆ.

ಹತ್ತಿಗೆ ಇರುವ ಇನ್ನೊಂದು ಗುಣವನ್ನು ಹೇಳದೆ ಬಿಡುವಂತಿಲ್ಲ. ಒದ್ದೆಯಾದಾಗ ಅನೇಕ ನಾರುಗಳ ಬಲ ಕುಗ್ಗುತ್ತದೆ. ಹತ್ತಿಯ ಬಲವಾದರೋ ಒಣಗಿದ್ದಾಗ ಇದ್ದುದಕ್ಕಿಂತ ಹೆಚ್ಚುತ್ತದೆ. ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ರಾಸಾಯನಿಕವಾಗಿ ಹತ್ತಿಯಂತೆಯೇ ಸೆಲ್ಯುಲೋಸ್ ಆಗಿದ್ದರೂ, ನೀರಿನಲ್ಲಿ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಹಿಂಡುವುದೆಂದರೆ ಒದ್ದೆ ಬಟ್ಟೆಯನ್ನು ಪೂರ್ಣಬಲದಿಂದ ತಿರುಚುವುದು. ದಿನಕ್ಕೆ ಐದಾರು ಬಾರಿ, ವರ್ಷಗಟ್ಟಲೆ ನಡೆಯುವ ಈ ತಿರುಚುವಿಕೆಯನ್ನು ಹಳೆಯ ಪಂಚೆ ತಾಳಿಕೊಳ್ಳುವುದಕ್ಕೆ ಕಾರಣ ಇದೇ.

ಪಾಲಿಯೆಸ್ಟರಿನ ವಿಷಯ ಬೇರೆ. ವಸ್ತ್ರವ್ಯಾಪಾರದಲ್ಲಿ ಅಂಗೀಕೃತವಾದ ತೇವಾಂಶದ ಪ್ರಮಾಣ ಹತ್ತಿಗೆ ಶೇ. 8.5 ಇದ್ದರೆ ಪಾಲಿಯೆಸ್ಟರಿಗೆ ಕೇವಲ ಶೇ. 0.4. ಆದುದರಿಂದ ಹಳೆಯ ಪಾಲಿಯೆಸ್ಟರ್ ಸೀರೆಯಿಂದ ನೆಲ ಒರೆಸಿದರೆ ನೀರು ಇಲ್ಲಿಂದ ಅಲ್ಲಿಗೆ ಸರಿದು, ಒಣಗಿದ ಮೇಲೆ ಕೊಳೆಯ ಗೆರೆಗಳು ಮೂಡುತ್ತವೆ. ಅದೇ ಪಾಲಿಯೆಸ್ಟರನ್ನು ಅತ್ಯಂತ ಸೂಕ್ಷ್ಮವಾಗಿ ಸೀಳಿದಾಗ ದೊರೆಯುವ ಮೈಕ್ರೋಫೈಬರ್ ಬಟ್ಟೆ ಚೆನ್ನಾಗಿ ಒರೆಸುವುದು ನಿಜ. ಅಲ್ಲಿ ನೀರನ್ನು ಹಿಡಿಯುವುದು ನಾರಲ್ಲ, ನಾರುಗಳ ನಡುವಣ ಅವಕಾಶ. ಅದೂ ಮರುಬಳಕೆಯದೇ ಆದರೂ ಪ್ರತಿ ಒಗೆತದಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆಗಳನ್ನು ಚರಂಡಿಗೆ ಬಿಡುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಟ್ಟೆ ಯಾವುದೆಂದು ತಿಳಿಯದಿದ್ದಲ್ಲಿ ಅಂಚಿನಿಂದ ಎರಡು ಎಳೆ ಕಿತ್ತು ಚಿಮುಟದಲ್ಲಿ ಹಿಡಿದು ಉರಿಗೆ ಒಡ್ಡುವುದು ವಾಡಿಕೆಯ ಪರೀಕ್ಷೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರಾದರೆ ಎಳೆ ಸುರುಟಿ ಕರಗಿ ತುದಿಯಲ್ಲಿ ಗಟ್ಟಿಯಾದ ಕರಿಮಣಿಯಾಗುತ್ತದೆ. ಎರಡೂ ಬೆರೆತ ನೂಲಿನಲ್ಲಿ ಎರಡೂ ಲಕ್ಷಣಗಳು ತೋರುತ್ತವೆ.

ಹೊಲಿಗೆ, ಕೌದಿಯೊಡನೆ ಸಂಬಂಧ

ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಉದ್ದನೆಯ ಓಟದ ಹೊಲಿಗೆಯಿಂದ ಬಂಧಿಸುವ ಕೌದಿಯ ಕಲೆ ಉತ್ತರ ಕರ್ನಾಟಕದಲ್ಲಿಯೂ, ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರದೇಶಗಳ ಸಿದ್ದಿ ಸಮುದಾಯದಲ್ಲಿಯೂ ಜೀವಂತವಾಗಿದೆ. ಸಿದ್ದಿ ಹೆಂಗಸರು ಅಂಚಿನ ಒಂದು ಮೂಲೆಯಿಂದ ಹೊಲಿಗೆಯನ್ನು ಹಿಡಿದು, ಸುತ್ತ ಸುತ್ತುತ್ತ, ಪ್ರತಿಯೊಂದು ಸುತ್ತಿನಲ್ಲಿ ಹೊಸ ತುಂಡನ್ನು ಅಂಚು ಮಡಿಸಿ ಸೇರಿಸುತ್ತ, ನಡುವಿಗೆ ಬಂದು ಮುಗಿಸುತ್ತಾರೆ. ಕೌದಿಗೆ ಅನರ್ಹವೆಂದು ಬದಿಗಿಟ್ಟ, ತೀರ ಜೂಲಾದ ತುಂಡುಗಳು ಒರಸುಬಟ್ಟೆಗೆ ಸಲ್ಲುತ್ತವೆ. ಹೊಲಿಗೆಯ ತತ್ತ್ವವೂ ಅದೇ. ಆದರೆ ಒಂದು ಮುಖ್ಯ ಭೇದವುಂಟು: ಕೌದಿ ಬೆಚ್ಚಗಿರಬೇಕಾದುದರಿಂದ ಪದರಗಳು ಹೆಚ್ಚಿದಷ್ಟೂ ಒಳ್ಳೆಯದು, ಒರಸುಬಟ್ಟೆ ಬೇಗ ಒಣಗಬೇಕಾದುದರಿಂದ ಎರಡರಿಂದ ನಾಲ್ಕು ಪದರಗಳನ್ನು ಮೀರಬಾರದು. ಹೊಲಿಗೆಯ ಸಾಲುಗಳ ನಡುವೆ ಮೂರು ಬೆರಳು ಅಂತರವಿದ್ದರೆ ಪದರಗಳ ಒಳಗೆ ಗಾಳಿಯಾಡುತ್ತದೆ. ಒತ್ತಾಗಿ ಹೊಲಿದರೆ ಬಟ್ಟೆ ಹಲಗೆಯಂತೆ ಬಿರುಸಾಗಿ ಮೂಲೆಗಳಿಗೆ ಬಗ್ಗುವುದಿಲ್ಲ. ಸೀರೆಯ ಅಂಚನ್ನು ಕತ್ತರಿಸಿ ಎಸೆಯದೆ ಹೊರಬದಿಗೆ ಬರುವಂತೆ ಮಡಿಸಿಕೊಂಡರೆ ನೂಲು ಬಿಚ್ಚುವ ಭಯವಿಲ್ಲ.

ಚಪ್ಪಟೆ ತಲೆಯ ಕೋಲುಗಳಿಗೆ ಕೊಂಡ ಹಾಳೆಯ ಬದಲಾಗಿ ಇದನ್ನೇ ಹೊಂದಿಸಿಕೊಳ್ಳಬಹುದು. ತಲೆಯ ಅಳತೆಗಿಂತ ಸುತ್ತಲೂ ನಾಲ್ಕು ಬೆರಳು ಹೆಚ್ಚಾಗಿ ಬಟ್ಟೆಯನ್ನು ಕತ್ತರಿಸಿ, ಅಂಚನ್ನು ಮಡಿಸಿ ಹೊಲಿದು, ಆ ಮಡಿಕೆಯೊಳಗೆ ಹಳೆಯ ಲಂಗದ ಲಾಡಿಯನ್ನು ಪೋಣಿಸಿ, ತಲೆಯ ಮೇಲ್ಬದಿಯಲ್ಲಿ ಎಳೆದು ಕಟ್ಟಿದರೆ ಸಾಕು. ಒಗೆಯುವಾಗ ಲಾಡಿ ಸಡಿಲಿಸಿ ತೆಗೆಯುವುದು. ಬನಿಯನ್ನಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಎಳೆದರೆ ಹಿಗ್ಗುವುದರಿಂದ ಇದಕ್ಕೆ ಒಗ್ಗುತ್ತದೆ, ಕಲ್ಲಿನ ನೆಲದ ಒರಟಿಗೆ ಮಾತ್ರ ಬಹುಕಾಲ ನಿಲ್ಲದು.

ದ್ರಾವಣಗಳು

ಬರಿಯ ನೀರು ದಿನನಿತ್ಯದ ಧೂಳಿಗೆ ಸಾಲುತ್ತದೆ. ಅಡುಗೆಮನೆಯ ಜಿಡ್ಡಿಗೆ ಅಂಟುವಾಳದ ನೀರು ಉತ್ತಮ: ಏಳೆಂಟು ಕಾಯಿಗಳ ಬೀಜ ತೆಗೆದು ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿದರೆ ಸಿದ್ಧ. ಇದರ ಶಕ್ತಿ ಸಿಪ್ಪೆಯಲ್ಲಿರುವ ಸಪೋನಿನ್‌ಗಳದು; ಸಪಿಂಡಸ್ ಎಂಬ ಸಸ್ಯಶಾಸ್ತ್ರೀಯ ನಾಮದ ಅರ್ಥವೇ ಭಾರತದ ಸಾಬೂನು ಎಂದು. ಕೆಲವೇ ದಿನಗಳಲ್ಲಿ ಹುಳಿಯುವುದರಿಂದ ಶೇಖರಿಸಿಡಬಾರದು; ಮೀನಿಗೆ ವಿಷವಾದ್ದರಿಂದ ಕೆರೆ ಹೊಂಡಗಳಿಗೆ ಚೆಲ್ಲಬಾರದು.

ಬೆಲ್ಲ, ನಿಂಬೆಜಾತಿಯ ಸಿಪ್ಪೆ, ನೀರು ಇವುಗಳನ್ನು 1:3:10ರ ಪ್ರಮಾಣದಲ್ಲಿ ಮೂರು ತಿಂಗಳು ಕೊಳೆಯಿಸಿದ ಬಯೋಎಂಜೈಮ್ ನಗರಗಳಲ್ಲಿ ಈಚೆಗೆ ಬಳಕೆಗೆ ಬಂದಿದೆ. ಅದು ಆಮ್ಲ. ಶಹಾಬಾದ್ ಕಲ್ಲೂ ಅಮೃತಶಿಲೆಯೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ಆ ನೆಲಗಳ ಮೇಲೆ ಇದನ್ನಾಗಲಿ, ವಿನೆಗರನ್ನಾಗಲಿ, ನಿಂಬೆ ಹುಣಿಸೆಗಳನ್ನಾಗಲಿ ಹಾಕಿದರೆ ಮೆರುಗು ಕರಗಿ ಕಲ್ಲು ಮಂಕಾಗುತ್ತದೆ. ಮತ್ತೆ ಪಾಲಿಶ್ ಮಾಡಿಸದ ಹೊರತು ಆ ಮೆರುಗು ಮರಳಿ ಬಾರದು. ವಿನೆಗರಿಗೆ ಅಡುಗೆ ಸೋಡ ಬೆರೆಸುವ ಪಾಕ ಬಹಳ ಪ್ರಚಲಿತವಾಗಿದ್ದರೂ, ಒಂದು ಮತ್ತೊಂದರ ಗುಣವನ್ನು ಕಳೆಯುವುದರಿಂದ, ನೊರೆ ಇಳಿದ ಮೇಲೆ ಉಳಿಯುವುದು ಬಹುತೇಕ ಉಪ್ಪಿನ ನೀರು. ಬ್ಲೀಚಿಂಗ್ ಪುಡಿಗೆ ಯಾವ ಆಮ್ಲವನ್ನೂ ಎಂದಿಗೂ ಸೇರಿಸಬಾರದು. ಹುಟ್ಟುವ ಕ್ಲೋರಿನ್ ಅನಿಲ ಪ್ರಾಣಾಪಾಯಕರ. ಮನೆಯಲ್ಲಿ ಸಾಂಕ್ರಾಮಿಕ ರೋಗಿಗಳಿದ್ದಾಗ ಈ ಗೃಹನಿರ್ಮಿತ ದ್ರಾವಣಗಳನ್ನು ನಂಬದೆ ವೈದ್ಯರು ಹೇಳಿದ ರೋಗಾಣುನಾಶಕವನ್ನೇ ಬಳಸತಕ್ಕದ್ದು.

ನಿರ್ವಹಣೆ

ಒರಸುಬಟ್ಟೆಯ ಮೇಲಿನ ನ್ಯಾಯವಾದ ಆಕ್ಷೇಪ ಒಂದೇ: ಒದ್ದೆಯಾಗಿ ಮುದ್ದೆಗಟ್ಟಿ ಬಕೆಟ್ಟಿನಂಚಿನಲ್ಲಿ ಬಿದ್ದಿರುವ ಬಟ್ಟೆ ರೋಗಾಣುಗಳ ತವರು, ಮರುದಿನ ಅದರಿಂದ ಒರೆಸಿದರೆ ಅವೇ ನೆಲಕ್ಕೆ ಹರಡುತ್ತವೆ. ಬಿಸಿನೀರು, ಸಾಬೂನು, ಬಿಚ್ಚಿ ಹರಡಿ ಒಣಗಿಸುವ ಬಿಸಿಲು, ಈ ಮೂರರಿಂದ ಆಕ್ಷೇಪ ಪರಿಹಾರವಾಗುತ್ತದೆ. ಮಳೆಗಾಲದಲ್ಲಿ ಮೂರು ನಾಲ್ಕು ಬಟ್ಟೆಗಳನ್ನು ಸರದಿಯ ಮೇಲೆ ಬಳಸಬೇಕು. ಬಚ್ಚಲಿನದನ್ನು ಬೇರೆಯಿಡುವುದು ಹಳೆಯ ರೂಢಿ, ಅದು ಸರಿಯಾದದ್ದೂ ಹೌದು. ಕೊಳೆನೀರನ್ನು ಹಿಂಡಲು ಒಂದು ಬಕೆಟ್ಟು, ಅದ್ದಲು ಇನ್ನೊಂದು ಇದ್ದರೆ ಶುಚಿ ಹೆಚ್ಚು.

ಕುಕ್ಕುರುಗಾಲಿನಲ್ಲಿಯೂ ಮಂಡಿಯೂರಿಯೂ ಮನೆಯಿಂದ ಮನೆಗೆ ಹೋಗಿ ಒರೆಸುವ ಕೆಲಸದ ಹೆಂಗಸರ ಮಂಡಿಚಿಪ್ಪಿನ ಮುಂದಣ ಚೀಲ ಊದಿಕೊಳ್ಳುವುದುಂಟು. ಇಂಗ್ಲಿಷರು ಈ ವ್ಯಾಧಿಯನ್ನು ಮನೆಗೆಲಸದವಳ ಮಂಡಿ ಎಂದೇ ಹೆಸರಿಸಿದ್ದಾರೆ. ಮರುಬಳಕೆಯ ಬಟ್ಟೆಯನ್ನು ಆರಿಸಿಕೊಂಡ ಮನೆಯವರು ಅದಕ್ಕೊಂದು ಉದ್ದನೆಯ ಕೋಲನ್ನೂ ಒದಗಿಸುವುದು ಅವಶ್ಯ ಕರ್ತವ್ಯ. ಎಸೆಯುವ ಹಾಳೆಯ ಉಳಿತಾಯ ಇನ್ನೊಬ್ಬರ ಮಂಡಿಯ ಮೇಲೆ ಬೀಳಬಾರದು.

ಬಟ್ಟೆಯ ಕೊರತೆ

ಉಡುಪು ಬಹುಮಟ್ಟಿಗೆ ಪಾಲಿಯೆಸ್ಟರ್ ಆದ ಮನೆಗಳಲ್ಲಿ ಸವೆದ ಹತ್ತಿ ದೊರೆಯುವುದೇ ಕಷ್ಟವಾಗಿದೆ. ಲುಂಗಿ, ಪಂಚೆ, ಹಾಸಿಗೆ ಹೊದಿಕೆ, ಟವೆಲುಗಳು ಇನ್ನೂ ಆಧಾರ. ಗ್ಯಾರೇಜುಗಳಿಗೆ ತೂಕದ ಮೇಲೆ ಮಾರುವ ಬನಿಯನ್ ವೇಸ್ಟಿನಲ್ಲಿಯೂ ಒಳ್ಳೆಯ ತುಂಡುಗಳಿರುತ್ತವೆ, ಒಂದೆರಡು ಸಲ ಒಗೆದು ಬಳಸಬೇಕು. ಹಿಡಿದು ನೋಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳುವಾದ ಒರಸುಬಟ್ಟೆಯನ್ನು ಸಣ್ಣಗೆ ಹರಿದು ಗೊಬ್ಬರದ ಗುಂಡಿಗೆ ಹಾಕಬಹುದು. ಹೊಲಿಗೆಗೆ ಹತ್ತಿಯ ದಾರವನ್ನೇ ಬಳಸಬೇಕೆಂಬ ನಿಯಮ ಇದಕ್ಕಾಗಿಯೇ, ಏಕೆಂದರೆ ಪಾಲಿಯೆಸ್ಟರ್ ದಾರದಿಂದ ಹೊಲಿದ ಬಟ್ಟೆ ಪೂರ್ತಿ ಮಣ್ಣಾದ ಮೇಲೂ ಗೊಬ್ಬರ ಎತ್ತುವಾಗ ಆ ದಾರವೊಂದು ಹೊಲಿಗೆಯ ಸುರುಳಿ ಬಿಚ್ಚದೆ ಸಲಿಕೆಗೆ ಸಿಕ್ಕಿ ಬರುತ್ತದೆ.