ಸೋಲಾರ್ ಪ್ಯಾನೆಲ್ ಕೆಳಗೆ ದನ ಮೇಯಬಹುದಾ? ಉತ್ತರ ಇರೋದು ಟೆಂಡರ್‌ನಲ್ಲಿ

ಗೋಮಾಳದಲ್ಲಿ ಸೋಲಾರ್ ಘಟಕ ಬರುತ್ತೆ ಅಂದ ಕೂಡಲೇ ಊರಲ್ಲಿ ಎರಡು ಮಾತು ಏಳುತ್ತವೆ. ಪಂಪ್‌ಸೆಟ್ ಇರೋ ರೈತರಿಗೆ ಹಗಲು ಹೊತ್ತು ಕರೆಂಟ್ ಬೇಕು. ದನ-ಕುರಿ ಸಾಕೋರಿಗೆ ಮೇವಿನ ಜಾಗ ಬೇಕು. ಎರಡೂ ನ್ಯಾಯದ ಬೇಡಿಕೆಗಳೇ. ಒಂದೇ ಜಮೀನು ಎರಡನ್ನೂ ಕೊಡಬಲ್ಲದಾ? ಕೊಡಬಲ್ಲದು. ಆದರೆ ಅದನ್ನು ಕಂಬ ನೆಡೋ ಮೊದಲೇ ತೀರ್ಮಾನಿಸಿರಬೇಕು, ಆಮೇಲಲ್ಲ.

ಗೋಮಾಳದ ಲೆಕ್ಕ

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಸೆಕ್ಷನ್ ಸರ್ಕಾರಿ ಜಮೀನನ್ನು ಜಾನುವಾರುಗಳ ಉಚಿತ ಮೇವಿಗಾಗಿ ಕಾದಿರಿಸಲು ಅವಕಾಶ ಕೊಡುತ್ತದೆ. ಎಷ್ಟು ಅನ್ನೋದನ್ನು 1966ರ ನಿಯಮಾವಳಿಯ 97ನೇ ನಿಯಮ ಹೇಳುತ್ತದೆ: ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ.

ಈಗ ಸೋಲಾರ್ ಲೆಕ್ಕ ನೋಡಿ. ಒಂದು ಮೆಗಾವ್ಯಾಟ್‌ಗೆ ಸಾಮಾನ್ಯವಾಗಿ 4ರಿಂದ 5 ಎಕರೆ ಬೇಕು. 5 ಮೆಗಾವ್ಯಾಟ್ ಘಟಕಕ್ಕೆ 20ರಿಂದ 25 ಎಕರೆ. ನಿಯಮದ ಅಳತೆಯಲ್ಲೇ ಹೇಳೋದಾದರೆ, ಇದು ಸುಮಾರು 70-80 ಜಾನುವಾರುಗಳ ಪಾಲು. ಸುತ್ತ ತಂತಿಬೇಲಿ ಬಿದ್ದರೆ ಅಷ್ಟೂ ಹೋಯಿತು.

ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಶುರುವಾಯಿತು. ಅದರ 'ಎ' ವಿಭಾಗದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಘಟಕಗಳಿಗೆ ಅವಕಾಶವಿದೆ. 2020ರ ನವೆಂಬರ್‌ನಲ್ಲಿ ತಂದ ತಿದ್ದುಪಡಿ, ಬಂಜರು ಜಮೀನಿನ ಜೊತೆಗೆ ರೈತರ ಹುಲ್ಲುಗಾವಲನ್ನೂ ಪಟ್ಟಿಗೆ ಸೇರಿಸಿತು. 'ಸಿ' ವಿಭಾಗದಲ್ಲಿ ಪಂಪ್‌ಸೆಟ್ ಫೀಡರ್‌ಗಳಿಗೆ ಸೌರ ವಿದ್ಯುತ್ ಕೊಡೋಕೆ ಸಬ್‌ಸ್ಟೇಷನ್ ಹತ್ತಿರದ ಜಮೀನು ಹುಡುಕುತ್ತಾರೆ. ಕಡತದಲ್ಲಿ 'ಖಾಲಿ ಸರ್ಕಾರಿ ಜಮೀನು' ಅಂತ ಕಾಣೋದು ಊರವರ ಕಣ್ಣಲ್ಲಿ ಖಾಲಿ ಆಗಿರಲ್ಲ.

ಪಾವಗಡ ಕಲಿಸಿದ್ದೇನು?

ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿದೆ, ಸಾಮರ್ಥ್ಯ 2,050 ಮೆಗಾವ್ಯಾಟ್. ಇಲ್ಲಿ ಬಹುಪಾಲು ಜಮೀನನ್ನು ಖರೀದಿಸಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಬರಗಾಲದ ಸೀಮೆಯ ಭೂಮಾಲೀಕರಿಗೆ ಇದು ದೊಡ್ಡ ಆಸರೆ.

ಆದರೆ ಗುತ್ತಿಗೆ ಹಣ ಬರೋದು ಪಹಣಿಯಲ್ಲಿ ಹೆಸರಿರೋರಿಗೆ ಮಾತ್ರ. ಆ ಬೀಳು ಜಮೀನುಗಳಲ್ಲಿ ಕುರಿ-ದನ ಮೇಯಿಸುತ್ತಿದ್ದ ಭೂಹೀನರಿಗೆ ಬೇಲಿ ಬಂತು, ಬಾಡಿಗೆ ಬರಲಿಲ್ಲ. ಖಾಸಗಿ ಜಮೀನಿನಲ್ಲೇ ಹೀಗಾದರೆ, ಇಡೀ ಊರಿಗೆ ಸೇರಿದ ಗೋಮಾಳದಲ್ಲಿ ನಷ್ಟ ಯಾರದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಕುರಿಗೆ ಸುಲಭ, ದನಕ್ಕೆ ಕಷ್ಟ

ಅಮೆರಿಕದಲ್ಲಿ ಸೋಲಾರ್ ಘಟಕಗಳೊಳಗೆ ಕುರಿ ಮೇಯಿಸೋದು ಈಗ ದಂಧೆಯಾಗಿಯೇ ಬೆಳೆದಿದೆ. ಹುಲ್ಲು ಎತ್ತರ ಬೆಳೆದರೆ ಪ್ಯಾನೆಲ್ ಮೇಲೆ ನೆರಳು ಬೀಳುತ್ತೆ, ಒಣಗಿದರೆ ಬೆಂಕಿಯ ಭಯ. ಯಂತ್ರದಿಂದ ಕತ್ತರಿಸೋಕೆ, ಕಳೆನಾಶಕ ಹೊಡೆಯೋಕೆ ಹೇಗೂ ಖರ್ಚಿದೆ. ಅದೇ ದುಡ್ಡನ್ನು ಕಂಪನಿಗಳು ಕುರಿಗಾಹಿಗಳಿಗೆ ಕೊಡುತ್ತವೆ. ಹೌದು, ಮೇಯಿಸೋರು ಹಣ ಕಟ್ಟಲ್ಲ, ಪಡೀತಾರೆ. ಮೇಕೆಗಳನ್ನು ಮಾತ್ರ ಯಾರೂ ಇಷ್ಟಪಡಲ್ಲ. ಅವು ವೈರ್ ಕಡಿಯುತ್ತವೆ, ಪ್ಯಾನೆಲ್ ಮೇಲೇ ಹತ್ತುತ್ತವೆ.

ದನಗಳ ಸಮಸ್ಯೆ ಮೈಕಟ್ಟಿನದ್ದು. ಸಾಮಾನ್ಯ ಘಟಕದಲ್ಲಿ ಪ್ಯಾನೆಲ್‌ನ ಕೆಳ ಅಂಚು ನೆಲದಿಂದ ಎರಡು-ಮೂರು ಅಡಿ ಮೇಲಿರುತ್ತೆ. ಹಳ್ಳಿಕಾರ್ ದನದ ಭುಜವೇ ನಾಲ್ಕು ಅಡಿ, ಅದರ ಮೇಲೆ ನೀಳವಾದ ಕೊಂಬು. ಮೈ ಕೆರೆದರೆ ದನ ಕಂಬಕ್ಕೆ ಉಜ್ಜಿಕೊಳ್ಳುತ್ತೆ. ನೇತಾಡೋ ಕೇಬಲ್ ಸಿಕ್ಕರೆ ಎಳೆಯುತ್ತೆ. ದೊಡ್ಡ ಘಟಕಗಳ ಡಿಸಿ ಲೈನ್‌ಗಳಲ್ಲಿ 1,000ದಿಂದ 1,500 ವೋಲ್ಟ್ ಇರುತ್ತೆ, ಹುಡುಗಾಟವಲ್ಲ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಇಟಲಿ 2022ರ ಮಾರ್ಗಸೂಚಿಯಲ್ಲಿ ಜಾನುವಾರು ಮೇಯೋ ಕಡೆ ಕನಿಷ್ಠ 1.3 ಮೀಟರ್, ಬೆಳೆ ಬೆಳೆಯೋ ಕಡೆ 2.1 ಮೀಟರ್ ಎತ್ತರ ನಿಗದಿ ಮಾಡಿತು. 1.3 ಮೀಟರ್ ಕುರಿಗೆ ಧಾರಾಳ, ನಮ್ಮ ದನಕ್ಕೆ ಸಾಲದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಎತ್ತರಿಸಿದ ಪ್ಯಾನೆಲ್‌ಗಳ ನೆರಳಲ್ಲಿ ಹಾಲಿನ ಹಸುಗಳನ್ನು ಬಿಟ್ಟು ನೋಡಿದರು. ಮಧ್ಯಾಹ್ನದ ಬಿಸಿಲಲ್ಲಿ ಅವುಗಳ ಏದುಸಿರು ಕಡಿಮೆಯಿತ್ತು, ಮೈ ತಂಪಾಗಿತ್ತು. ಹಾಲು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ.

ಹಾಗಾದರೆ ಎಲ್ಲರೂ ಯಾಕೆ ಎತ್ತರಿಸಲ್ಲ? ಖರ್ಚು. ಪ್ಯಾನೆಲ್ ಗಾಳಿಗೆ ಹಾಯಿಯಂತೆ ಒಡ್ಡಿಕೊಂಡಿರುತ್ತೆ. ಕಂಬ ಉದ್ದವಾದಷ್ಟೂ ಅದೇ ಗಾಳಿ ಬುಡವನ್ನು ಹೆಚ್ಚು ಬಲದಿಂದ ಬಾಗಿಸುತ್ತೆ. ದಪ್ಪ ಉಕ್ಕು ಬೇಕು, ಆಳದ ಅಡಿಪಾಯ ಬೇಕು. ಕಡಿಮೆ ದರಕ್ಕೆ ಬಿಡ್ ಮಾಡಿದವರಿಗೇ ಗುತ್ತಿಗೆ ಸಿಗುವಾಗ, ಷರತ್ತಿನಲ್ಲಿ ಇಲ್ಲದ ಎತ್ತರವನ್ನು ಯಾವ ಕಂಪನಿಯೂ ತಾನಾಗಿ ಕೊಡಲ್ಲ.

ಹುಲ್ಲು ಬೆಳೆಯುತ್ತಾ?

ಅಮೆರಿಕದ ಆರೆಗಾನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಸಿಗೆಯ ಕೊನೆಗೆ ಪ್ಯಾನೆಲ್ ಕೆಳಗಿನ ಹುಲ್ಲು ಬಯಲಿನದ್ದಕ್ಕಿಂತ ಶೇ 90ರಷ್ಟು ಹೆಚ್ಚಿತ್ತು. ನೆರಳಿಗೆ ಮಣ್ಣಿನ ತೇವ ಉಳಿದದ್ದೇ ಕಾರಣ. ಅಲ್ಲೇ 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹುಲ್ಲು ಕಡಿಮೆ ಬಂತು, ಆದರೆ ಸತ್ವ ಹೆಚ್ಚಿದ್ದರಿಂದ ಕುರಿಮರಿಗಳ ಬೆಳವಣಿಗೆ ಕುಗ್ಗಲಿಲ್ಲ. ಇವನ್ನು ಹಾಗೇ ತಂದು ಪಾವಗಡಕ್ಕೆ ಅಂಟಿಸೋಕಾಗಲ್ಲ. ಅಲ್ಲಿನ ಮಳೆ ಬೇರೆ, ಹುಲ್ಲು ಬೇರೆ. ಆದರೂ ನೀರೇ ಕೊರತೆಯಾಗಿರೋ ಒಣ ಸೀಮೆಯಲ್ಲಿ ನೆರಳು ಶತ್ರುವಾಗಬೇಕಿಲ್ಲ. ಪ್ಯಾನೆಲ್ ತೊಳೆದ ನೀರೂ ಅದೇ ಮಣ್ಣಿಗೆ ಬೀಳುತ್ತೆ. ಜಾನುವಾರು ಹೆಚ್ಚಾಗಿ ನೆಲ ಬೋಳಾದರೆ ಮಾತ್ರ ಧೂಳೆದ್ದು ಪ್ಯಾನೆಲ್ ಮೇಲೆ ಕೂರುತ್ತೆ, ಉತ್ಪಾದನೆ ಇಳಿಯುತ್ತೆ. ಹಾಗಾಗಿ ಸರದಿಯಲ್ಲಿ ಮೇಯಿಸೋದು ಇಬ್ಬರಿಗೂ ಲಾಭ.

ಗ್ರಾಮಸಭೆಯಲ್ಲಿ ಕೇಳಬೇಕಾದ ಐದು ಪ್ರಶ್ನೆ

1. ಪ್ಯಾನೆಲ್‌ನ ಕೆಳ ಅಂಚು ನೆಲದಿಂದ ಎಷ್ಟು ಎತ್ತರ? ದನಕ್ಕಾದರೆ ಎಂಟು ಅಡಿಯ ಆಸುಪಾಸು ಇರಲಿ. ಅಷ್ಟಾಗದಿದ್ದರೆ ಕುರಿಗಾದರೂ ಅವಕಾಶ, ದನಕ್ಕೆ ಬೇರೆ ಜಾಗ.
2. ಕೇಬಲ್‌ಗಳು ನೆಲದಡಿ ಅಥವಾ ಪೈಪಿನೊಳಗೆ ಇರುತ್ತವಾ? ಇನ್ವರ್ಟರ್‌ಗಳ ಸುತ್ತ ಪ್ರತ್ಯೇಕ ಬೇಲಿ ಇದೆಯಾ?
3. ಗೇಟು ಎಷ್ಟು ಹೊತ್ತಿಗೆ, ಯಾರಿಗೆ ತೆರೆಯುತ್ತೆ? ಕುಡಿಯೋ ನೀರಿನ ತೊಟ್ಟಿ ಎಲ್ಲಿ?
4. ಕಳೆನಾಶಕ ಹೊಡೆಯಲ್ಲ ಅಂತ ಬರೆದುಕೊಡ್ತೀರಾ?
5. ಹುಲ್ಲು ತೆಗೆಸೋ ಖರ್ಚಿನಲ್ಲಿ ದನ-ಕುರಿ ಕಾಯೋರಿಗೆ ಪಾಲೆಷ್ಟು?

ಈ ಘಟಕಗಳ ಒಪ್ಪಂದ ಸಾಮಾನ್ಯವಾಗಿ 25 ವರ್ಷದ್ದು. ಒಮ್ಮೆ ನೆಟ್ಟ ಕಂಬವನ್ನು ಯಾರೂ ಕಿತ್ತು ಎತ್ತರಿಸಲ್ಲ. 'ಆಮೇಲೆ ನೋಡೋಣ' ಅನ್ನೋ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಗೋಮಾಳದಲ್ಲಿ ಮೇಯಿಸೋದು ಕಂಪನಿ ಕೊಡೋ ಔದಾರ್ಯವಲ್ಲ, ಕಾಯ್ದೆ ಕಾದಿಟ್ಟ ಅವಕಾಶ. ಅದು ಟೆಂಡರ್ ಷರತ್ತಿನಲ್ಲಿ ಅಡಿ-ಅಂಗುಲದ ಲೆಕ್ಕದಲ್ಲಿ ಬರಬೇಕು.