ಸ್ಕೋರ್ ಕಾರ್ಡಿನ ಮೇಲಿನ ಒಂದು ಪದ: 1974ರ ರಣಜಿ ಗೆಲುವು ಮತ್ತು ಧಾರವಾಡ ಸೀಮೆಯ ಪಾಲು

ಕರ್ನಾಟಕದ ಕ್ರಿಕೆಟ್ ಚರಿತ್ರೆ ಬರೆಯುವವರಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಸ್ಮರಣ ಸಂಚಿಕೆಗಳ ಪಂಥ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಐದು ತಿಂಗಳೊಳಗೆ ಎರಪಳ್ಳಿ ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬೈಯ ಹದಿನೈದು ವರ್ಷಗಳ ಪಾರುಪತ್ಯ ಮುರಿದು, ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಮೊದಲ ರಣಜಿ ಟ್ರೋಫಿ ತಂದಿತು. ಈ ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಏಕೀಕರಣದ ಕನಸು ಮೈದಾನದಲ್ಲಿ ಫಲಿಸಿತು ಎಂದು ಮುಗಿಸುವುದು ಈ ಪಂಥದ ವಾಡಿಕೆ. ಎರಡನೆಯದು ಇದರಿಂದ ರೋಸಿಹೋದವರ ಪಂಥ. ಅವರ ಪ್ರಕಾರ ಬದಲಾದದ್ದು ಬೋರ್ಡು ಮಾತ್ರ. ಅಂಗಡಿ ಬೆಂಗಳೂರಿನದೇ, ಧಾರವಾಡ ಸೀಮೆಯ ನವಲಗುಂದ, ಕಲಘಟಗಿಗಳಿಗೆ ಆ ಗೆಲುವಿನಲ್ಲಿ ಪಾಲೇ ಇರಲಿಲ್ಲ. ಎರಡೂ ಪಂಥಗಳು ಆಧರಿಸಿರುವುದು ಒಂದೇ ಸಾಕ್ಷ್ಯವನ್ನು: 1973-74ರ ಸ್ಕೋರ್ ಕಾರ್ಡುಗಳ ನೆತ್ತಿಯ ಮೇಲೆ ಮೊದಲ ಬಾರಿಗೆ ಅಚ್ಚಾದ 'ಕರ್ನಾಟಕ' ಎಂಬ ಪದವನ್ನು. ಒಬ್ಬರು ಅದನ್ನು ಮಂತ್ರವೆಂದು ಓದಿದರು, ಇನ್ನೊಬ್ಬರು ಬಣ್ಣವೆಂದು. ಅದನ್ನು ಕಾಲ ಮತ್ತು ನಕ್ಷೆಗಳ ಜೊತೆಗಿಟ್ಟು ಓದಿದರೆ ಬೇರೆಯೇ ಅರ್ಥ ಹೊರಡುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ದಾರಿಗೆ ಅಡ್ಡಬರುವ ಒಂದು ಕತೆಯನ್ನು ಬದಿಗಿಡಬೇಕು. ಆ ಸೆಮಿಫೈನಲ್ ಎಂದರೆ ಮುಂಬೈಯ ಅಜಿತ್ ವಾಡೇಕರ್ ಕಾಲು ಜಾರಿ ರನ್ ಔಟ್ ಆದದ್ದು ಎಂಬ ಮಟ್ಟಿಗೆ ನಮ್ಮ ನೆನಪು ಕುಗ್ಗಿದೆ. ಹೊಸ ಬೂಟು ಜಾರಿತಂತೆ, ಸುಧಾಕರ ರಾವ್ ಎಸೆದ ಚೆಂಡು ಹೊತ್ತಿಗೆ ಸರಿಯಾಗಿ ಬಂತಂತೆ. ಈ 'ಅಂತೆ'ಗಳ ವಿಷಯದಲ್ಲಿ ಸ್ಕೋರ್ ಕಾರ್ಡು ಮೌನಿ. ಅದರಲ್ಲಿರುವುದು 'ರನ್ ಔಟ್' ಎಂಬ ಎರಡೇ ಪದ. ಬೂಟಿಲ್ಲ, ಜಾರಿಕೆಯಿಲ್ಲ, ಚೆಂಡೆಸೆದವರ ಹೆಸರೂ ಇಲ್ಲ. ಕತೆ ನಿಜವೇ ಇರಬಹುದು, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಒಂದು ಯುಗದ ತಿರುವನ್ನು ಒಂದು ಬೂಟಿನ ಅಟ್ಟೆಗೆ ಕಟ್ಟಿಹಾಕುವುದು ಚರಿತ್ರೆಯಲ್ಲ. ಅದೇ ಕಾರ್ಡಿನ ಉಳಿದ ಸಾಲುಗಳನ್ನು ಓದುವ ತಾಳ್ಮೆ ಬೇಕು. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 385 ರನ್ ಗಳಿಸಿತು. ಅದರಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಮುಂಬೈ 307ಕ್ಕೆ ನಿಂತಿತು. ಗವಾಸ್ಕರ್ ಪ್ರಸನ್ನರ ಎಸೆತಕ್ಕೆ ಬೌಲ್ಡ್ ಆದರು. ಉಳಿದ ಹೊರೆಯನ್ನು ಪ್ರಸನ್ನ, ಚಂದ್ರಶೇಖರ್ ಜೋಡಿ ಹೊತ್ತಿತು. ನಡುವಿನ ಅಂತರ 78 ರನ್. ಒಬ್ಬ ಆಟಗಾರ ಜಾರದೇ ಹೋಗಿದ್ದರೆ ಆ 78 ತುಂಬಿಬಿಡುತ್ತಿತ್ತು ಎನ್ನುವವರು, ಅವನು ಜಾರಿದ ಮೇಲೂ ಉಳಿದವರು ಯಾಕೆ ತುಂಬಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. (ಪಂದ್ಯ ಡ್ರಾ ಆಗಿತ್ತು, ಮೊದಲ ಇನಿಂಗ್ಸ್ ಮುನ್ನಡೆಯ ಗೆಲುವು ಅರ್ಧ ಗೆಲುವು ಎಂಬ ಆಕ್ಷೇಪವೂ ಉಂಟು. ಅದೇ ನಿಯಮ ಆ ಹದಿನೈದು ವರ್ಷಗಳಲ್ಲಿ ಮುಂಬೈಯ ಕೈಯನ್ನೂ ಹಿಡಿದಿತ್ತು ಎಂಬುದನ್ನು ಆಕ್ಷೇಪ ಎತ್ತುವವರು ಮರೆಯುತ್ತಾರೆ.)

ಈಗ 'ಕರ್ನಾಟಕ' ಎಂಬ ಆ ಪದಕ್ಕೆ ಬರೋಣ. ಅಂಕಿಅಂಶದ ಪುಸ್ತಕಗಳು ಮೈಸೂರು ಮತ್ತು ಕರ್ನಾಟಕಗಳನ್ನು ಒಂದೇ ಹಗ್ಗದ ಎರಡು ತುದಿಗಳೆಂದು ಎಣಿಸುತ್ತವೆ. 1934ರ ನವೆಂಬರ್ 4ರಂದು ಮದ್ರಾಸಿನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲಿ 48 ಮತ್ತು 59ಕ್ಕೆ ಉರುಳಿ ಒಂದೇ ದಿನದಲ್ಲಿ ಸೋತ ಮೈಸೂರು, 1941-42 ಮತ್ತು 1959-60ರ ಫೈನಲ್‌ಗಳಲ್ಲಿ ಮುಂಬೈಗೆ ಇನಿಂಗ್ಸ್ ಸೋಲು ಕಂಡ ಮೈಸೂರು, 1974ರಲ್ಲಿ ಗೆದ್ದ ಕರ್ನಾಟಕ — ಎಲ್ಲವೂ ಒಂದೇ ತಂಡ, ಒಂದೇ ಏರಿಕೆಯ ಮೆಟ್ಟಿಲು. ಲೆಕ್ಕ ಇಡುವವರಿಗೆ ಇದು ಅನುಕೂಲ. ನೆಲ ಬಲ್ಲವರಿಗೆ ಇದು ದೋಷ. 1941-42ರ ಮೈಸೂರು ಎಂದರೆ ಒಡೆಯರ ಸಂಸ್ಥಾನ. ಆಗ ನವಲಗುಂದ, ಕಲಘಟಗಿಗಳು ಮುಂಬೈ ಪ್ರಾಂತ್ಯದಲ್ಲಿದ್ದವು, ಕುಂದಗೋಳ ಜಮಖಂಡಿ ಸಂಸ್ಥಾನದ ಪಟವರ್ಧನರ ಕೈಯಲ್ಲಿತ್ತು. ಅಂದರೆ ಆ ವರ್ಷದ ಫೈನಲ್‌ನಲ್ಲಿ ಮೈಸೂರನ್ನು ಒಂದು ಇನಿಂಗ್ಸ್ ಮತ್ತು 281 ರನ್ನುಗಳಿಂದ ಮುಂಬೈ ಬಗ್ಗುಬಡಿದಾಗ, ನವಲಗುಂದದ ಎರೆ ಹೊಲದ ಕಂದಾಯ ಸೇರುತ್ತಿದ್ದದ್ದು ಗೆದ್ದವರ ಹೆಸರಿನ ಸರಕಾರಕ್ಕೆ. ಹಾಗೆಂದು ಗೆದ್ದ ತಂಡ ಅವರದೂ ಆಗಿರಲಿಲ್ಲ. ಆ ತಂಡ ಮುಂಬೈ ಶಹರದ್ದು, ಪ್ರಾಂತ್ಯದ ಉಳಿದ ಭಾಗಕ್ಕೆ ಪುಣೆಯ ಸುತ್ತ ಮಹಾರಾಷ್ಟ್ರ, ಬಡಗಣಕ್ಕೆ ಗುಜರಾತ್ ಎಂಬ ತಂಡಗಳಿದ್ದವು. ಕನ್ನಡ ಜಿಲ್ಲೆಗಳ ಹೆಸರು ಹೇಳುವ ತಂಡ ಯಾವುದೂ ಇರಲಿಲ್ಲ. 1956ರ ನವೆಂಬರ್ 1ರಂದು 19 ಜಿಲ್ಲೆಗಳ ಹೊಸ ರಾಜ್ಯವಾದಾಗ ಧಾರವಾಡ ಜಿಲ್ಲೆ ಒಳಬಂತು. ತಂಡದ ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಆದ್ದರಿಂದ 1941ರ ಮೈಸೂರೂ 1959ರ ಮೈಸೂರೂ ಒಂದೇ ಹೆಸರಿನ ಎರಡು ನೆಲಗಳು. 1972ರ ಮೈಸೂರೂ 1973ರ ಕರ್ನಾಟಕವೂ ಒಂದೇ ನೆಲದ ಎರಡು ಹೆಸರುಗಳು. ನೆಲ ಬದಲಾದಾಗ ಹೆಸರು ನಿಂತಿತು, ಹೆಸರು ಬದಲಾದಾಗ ನೆಲ ನಿಂತಿತು. ಇದನ್ನು ಗಮನಿಸದೆ 'ಬೋರ್ಡು ಬದಲಾಯಿತು' ಎನ್ನುವವರು, ಹದಿನೇಳು ವರ್ಷ ತಡವಾಗಿ ಬಂದ ಬೋರ್ಡು ಅದು ಎಂಬುದನ್ನು ಬಿಟ್ಟುಬಿಡುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಹೆಸರಿನ ಜಗಳ ರಾಜಕಾರಣಿಗಳದು, ಕ್ರಿಕೆಟಿಗರದಲ್ಲ, ವಿಧಾನಸಭೆಯ ನಿರ್ಣಯವನ್ನು ಮೈದಾನಕ್ಕೆ ಎಳೆದು ತರುವುದೇಕೆ? ಬ್ಯಾಟು ಹಿಡಿದವರ ಮಟ್ಟಿಗೆ ಈ ಮಾತು ಸರಿ. ವಿಶ್ವನಾಥರ ಸ್ಕ್ವೇರ್ ಕಟ್‌ಗೆ ರಾಜ್ಯದ ಹೆಸರು ಯಾವುದಾದರೇನು! ಆದರೆ ತಂಡವೊಂದರ ಚರಿತ್ರೆ ಆಡಿದವರ ಚರಿತ್ರೆಯಷ್ಟೇ ಅಲ್ಲ, ಅದನ್ನು ತಮ್ಮದೆಂದುಕೊಂಡವರ ಚರಿತ್ರೆಯೂ ಹೌದು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ, ಆಲೂರು ವೆಂಕಟರಾಯರನ್ನು ಕೊಟ್ಟ ಸೀಮೆಗೆ 'ಮೈಸೂರು' ಎಂಬ ಹೆಸರು ಒಗ್ಗಿರಲಿಲ್ಲ. ಅಂದಿನ ಧಾರವಾಡ ಜಿಲ್ಲೆಗೇ ಸೇರಿದ್ದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 'ಕರ್ನಾಟಕ' ಎಂಬ ನಾಮಕರಣಕ್ಕಾಗಿ ಹಿಡಿದ ಹಟ ಪ್ರಸಿದ್ಧ. ಇಂಥ ಕಡೆ 'ಮೈಸೂರು ಗೆದ್ದಿತು' ಎಂಬ ಸುದ್ದಿ ನೆಂಟರ ಮನೆಯ ಮದುವೆಯ ಸುದ್ದಿಯಂತೆ ಬಂದಿರುತ್ತಿತ್ತು. 'ಕರ್ನಾಟಕ ಗೆದ್ದಿತು' ಎಂಬುದು ಸ್ವಂತ ಮನೆಯದು. ಸ್ಮರಣ ಸಂಚಿಕೆಯವರು ಈ ಹಂತಕ್ಕೆ ಬಂದು ನಿಂತುಬಿಡುತ್ತಾರೆ. ಹಕ್ಕು ಹೇಳಿಕೊಳ್ಳುವ ಅವಕಾಶ ಸಿಕ್ಕಿತು ಎಂಬುದಕ್ಕೂ ಪಾಲು ಸಿಕ್ಕಿತು ಎಂಬುದಕ್ಕೂ ಇರುವ ದೂರ ಅವರಿಗೆ ಕಾಣುವುದಿಲ್ಲ. ಆಸ್ತಿಯ ಉತಾರದಲ್ಲಿ ಹೆಸರು ಏರಿದ ಮಾತ್ರಕ್ಕೆ ಹೊಲದಲ್ಲಿ ಕೂರಿಗೆ ಹೂಡಿದಂತಾಗುವುದಿಲ್ಲ ಎಂಬುದು ಈ ಭಾಗದ ರೈತನಿಗೆ ಬೇರೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಪಾಲಿನ ಪ್ರಶ್ನೆಯಲ್ಲಿ ಎರಡನೆಯ ಪಂಥ ಹೆಚ್ಚು ಹತ್ತಿರಕ್ಕೆ ಬರುತ್ತದೆ, ಆದರೆ ತಪ್ಪು ಅಳತೆಗೋಲು ಹಿಡಿದು. ಅವರು ಹುಟ್ಟಿದೂರುಗಳ ಪಟ್ಟಿ ಮಾಡಿ ಧಾರವಾಡ ಸೀಮೆಯವರು ಯಾರೂ ಇಲ್ಲವೆಂದು ತೋರಿಸುತ್ತಾರೆ. ಆ ಪಟ್ಟಿಯನ್ನೇ ಪೂರ್ತಿ ಓದಿದರೆ ವಿಶ್ವನಾಥ್ ಭದ್ರಾವತಿಯವರು, ಚಂದ್ರಶೇಖರ್ ಮೈಸೂರಿನವರು, ಬ್ರಿಜೇಶ್ ಪಟೇಲ್ ಹುಟ್ಟಿದ್ದು ಬರೋಡದಲ್ಲಿ, ಆ ತಲೆಮಾರಿನ ವಿಕೆಟ್ ಕೀಪರ್ ಕಿರ್ಮಾನಿ ಮದ್ರಾಸಿನಲ್ಲಿ. ಹುಟ್ಟೂರೇ ಪ್ರಮಾಣವಾದರೆ ಅದು ಬೆಂಗಳೂರಿನ ತಂಡವೂ ಅಲ್ಲ. ಎಲ್ಲಿ ಹುಟ್ಟಿದರು ಎಂಬುದಲ್ಲ, ಆಡುವುದಕ್ಕೆ ಎಲ್ಲಿಗೆ ಬರಬೇಕಿತ್ತು ಎಂಬುದು ಮುಖ್ಯ. ಅದಕ್ಕೆ ಉತ್ತರ ಒಂದೇ, ಬೆಂಗಳೂರಿನ ಕ್ಲಬ್ಬುಗಳು. ಐರ್ಲೆಂಡಿನ ಗೇಲಿಕ್ ಫುಟ್‌ಬಾಲಿನೊಡನೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಆಟಗಾರ ಸಾಮಾನ್ಯವಾಗಿ ತನ್ನ ಊರ ಕ್ಲಬ್ಬಿನಿಂದಲೇ ತನ್ನ ಕೌಂಟಿಯ ತಂಡಕ್ಕೆ ಏರುತ್ತಾನೆ. 1960ರಲ್ಲಿ ಡೌನ್ ಕೌಂಟಿ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕೆರ್ರಿಯನ್ನು ಸೋಲಿಸಿ ಸ್ಯಾಮ್ ಮಗೈರ್ ಕಪ್ಪನ್ನು ಮೊದಲ ಬಾರಿಗೆ ಗಡಿಯಾಚೆ ಉತ್ತರ ಐರ್ಲೆಂಡಿಗೆ ಒಯ್ದಾಗ ಹೆಸರೂ ನೆಲವೂ ಆಟಗಾರರೂ ಒಂದೇ ಗೆರೆಯಲ್ಲಿ ನಿಂತಿದ್ದರು. ನಮ್ಮಲ್ಲಿ ಆ ಮೂರೂ ಒಂದೇ ದಿನ ಕೂಡಿಬರಲಿಲ್ಲ. 1956ಕ್ಕೆ ನೆಲ ಬಂತು, 1973ಕ್ಕೆ ಹೆಸರು ಬಂತು. ಈ ಸೀಮೆಯ ಆಟಗಾರ ಗೆಲುವಿನ ನಡುಮನೆಗೆ ಬರಲು ಮತ್ತೂ ಎರಡು ದಶಕ ಬೇಕಾಯಿತು.

ಆ ಬರವು ಗದಗಿನ ಎಡಗೈ ಸ್ಪಿನ್ನರ್ ಸುನಿಲ್ ಜೋಶಿಯವರದು. (ಉತ್ತರ ಕರ್ನಾಟಕದ 'ಮೊದಲಿಗ' ಯಾರು ಎಂಬ ಪತ್ರಿಕಾ ಪಂದ್ಯಕ್ಕೆ ನಾನು ಇಳಿಯುವುದಿಲ್ಲ. ಎರೆಭೂಮಿಯೇ ಸ್ಪಿನ್ನರನ್ನು ಹೆತ್ತಿತು ಎಂಬ ಕವಿತ್ವವೂ ನನಗೆ ಬೇಡ. ಅದೇ ಎರೆ ನವಲಗುಂದದಲ್ಲೂ ಉಂಟು, ಅಲ್ಲಿ ಅದು ಕಡಲೆ, ಹತ್ತಿ ಬೆಳೆಯಿತು.) ಬಾಲಕ ಜೋಶಿ ಬೆಳಗಿನ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದದ್ದು ಎಲ್ಲರೂ ಬರೆದಿರುವ ಸಂಗತಿ. ಬರೆದವರೆಲ್ಲ ಅದನ್ನು ಛಲದ ಕತೆಯಾಗಿ ಬರೆದರು. ದಾಖಲೆಯಾಗಿ ಓದಿದವರು ಕಡಿಮೆ. ಆಗಿನ ಮೀಟರ್ ಗೇಜ್ ಹಳಿಯ ಮೇಲೆ, ಸುಮಾರು ಅರವತ್ತು ಕಿಲೋಮೀಟರಿನ ಆ ದಾರಿಯ ನಡುವೆ, ಅಣ್ಣಿಗೇರಿ ನಿಲ್ದಾಣ ಬರುತ್ತದೆ. ರೈಲು ಕ್ರಿಕೆಟ್ ಕಿಟ್ಟನ್ನು ಹೊತ್ತು ನವಲಗುಂದ ತಾಲ್ಲೂಕನ್ನು (ಅಣ್ಣಿಗೇರಿ ಆಗ ಅದಕ್ಕೇ ಸೇರಿತ್ತು) ಹಾದುಹೋಗುತ್ತಿತ್ತು, ಆದರೆ ಇಳಿಯಲು ತಕ್ಕ ಮೈದಾನವಿದ್ದದ್ದು ಹುಬ್ಬಳ್ಳಿಯಲ್ಲಿ. 1974ರ ತಂಡದಲ್ಲಿ ಈ ಭಾಗದ ಆಟಗಾರ ಯಾಕಿಲ್ಲ ಎಂಬುದಕ್ಕೆ ಆ ರೈಲಿನ ದಿನಚರಿಗಿಂತ ಒಳ್ಳೆಯ ವಿವರಣೆ ಬೇಕಿಲ್ಲ. ಕೊರತೆಯಿದ್ದದ್ದು ಪ್ರತಿಭೆಯದಲ್ಲ, ನಿಲ್ದಾಣದಿಂದ ನಡೆದು ಮುಟ್ಟಬಹುದಾದ ನೆಟ್ಟಿನದು. 1995-96ರಲ್ಲಿ ಕರ್ನಾಟಕ ಚೆನ್ನೈಯಲ್ಲಿ ತಮಿಳುನಾಡಿನ ಎದುರು ಫೈನಲ್ ಗೆದ್ದ ಋತುವಿನಲ್ಲಿ ಜೋಶಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. 1998-99ರ ಫೈನಲ್‌ನಲ್ಲಿ ಅವರೇ ನಾಯಕರು. ಬೆಂಗಳೂರಿನ ಆ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆ ಮಧ್ಯಪ್ರದೇಶದ್ದು. ಡ್ರಾ ಆದರೆ ಟ್ರೋಫಿ ಅವರಿಗೆ. ಕೊನೆಯ ದಿನ ವಿಜಯ್ ಭಾರದ್ವಾಜ್ 24 ರನ್ನಿಗೆ 6 ವಿಕೆಟ್ ಕಿತ್ತರು, ಕರ್ನಾಟಕ 96 ರನ್ನುಗಳಿಂದ ಗೆದ್ದಿತು. 1974ರಲ್ಲಿ ಬೂಟಿನ ಕತೆ ಹೇಳಿದವರಿಗೆ ಇಲ್ಲಿ ಹೇಳಲು ಬೂಟೂ ಇರಲಿಲ್ಲ, ಮುನ್ನಡೆಯ ನಿಯಮವೂ ಇರಲಿಲ್ಲ.

ಇದಕ್ಕೂ ಎದುರು ಮಾತುಗಳಿವೆ. ಗದಗ ಧಾರವಾಡವಲ್ಲ ಎಂಬುದು ಒಂದು. 1997ರಲ್ಲಿ ಜಿಲ್ಲೆ ಒಡೆಯುವ ತನಕ ಅದು ಧಾರವಾಡವೇ. ಆಟಗಾರನಾಗಿ ಜೋಶಿ ಗೆದ್ದ 1995-96ಕ್ಕೂ ನಾಯಕನಾಗಿ ಗೆದ್ದ 1998-99ಕ್ಕೂ ನಡುವೆ ಅವರ ಊರಿನ ಜಿಲ್ಲೆಯ ಹೆಸರು ಬದಲಾಯಿತು, ಹಳಿ ಕದಲಲಿಲ್ಲ. ಹೆಸರು ಮತ್ತು ನೆಲದ ಆಟ ಇಲ್ಲಿ ಮತ್ತೊಮ್ಮೆ ಸಣ್ಣ ಪ್ರಮಾಣದಲ್ಲಿ ನಡೆದಿದೆ ಅಷ್ಟೇ. ಒಬ್ಬನಿಂದ ಸೀಮೆಯ ಪಾಲು ಸಾಬೀತಾಗುತ್ತದೆಯೇ ಎಂಬುದು ಇನ್ನೊಂದು, ಹೆಚ್ಚು ತೂಕದ ಪ್ರಶ್ನೆ. ಆಗುವುದಿಲ್ಲ ಎಂದು ಒಪ್ಪುತ್ತೇನೆ. ನನ್ನ ವಾದ ಪಾಲು ಪೂರ್ತಿಯಾಯಿತು ಎಂದಲ್ಲ, ಅದು ಯಾವಾಗ ಶುರುವಾಯಿತು ಎಂಬುದರ ಬಗ್ಗೆ. ಸಂಗೀತದ ಚರಿತ್ರೆಯಲ್ಲಿ ಕುಂದಗೋಳವನ್ನು ಬಿಟ್ಟು ಸವಾಯಿ ಗಂಧರ್ವರ ಮಾತು ಆಡುವವರಿಲ್ಲ. ಅವರ ಶಿಷ್ಯ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿದರೆಂದು ಗದಗನ್ನು ಅಳಿಸಿದವರೂ ಇಲ್ಲ. ಕ್ರಿಕೆಟ್ ಬರೆಯುವವರಿಗೆ ಮಾತ್ರ ಆಟಗಾರ ಬೆಂಗಳೂರು ಸೇರಿದ ಕೂಡಲೇ ಊರು ಅಪ್ರಸ್ತುತವಾಗುತ್ತದೆ. 2022ರಲ್ಲಿ ಚಂದ್ರಕಾಂತ್ ಪಂಡಿತ್ ತರಬೇತಿಯ ಮಧ್ಯಪ್ರದೇಶ ಬೆಂಗಳೂರಿನ ಅದೇ ಮೈದಾನದ ರಣಜಿ ಫೈನಲ್‌ನಲ್ಲಿ ಮುಂಬೈಯನ್ನು ಸೋಲಿಸಿದಾಗ ಪತ್ರಿಕೆಗಳು 1999ನ್ನು ನೆನೆದದ್ದು ಅಂದು ನಾಯಕನಾಗಿ ಸೋತ ಪಂಡಿತರ ನೋವಿನ ಮೂಲಕ. ಗೆದ್ದ ನಾಯಕ ಯಾವ ನಿಲ್ದಾಣದಿಂದ ಹೊರಟು ಬಂದವನು ಎಂಬುದು ಕನ್ನಡದ ಬರಹಗಳಲ್ಲೂ ಹಿಂದಕ್ಕೆ ಸರಿದಿತ್ತು.

ಹಾಗಾಗಿ 'ಕರ್ನಾಟಕದ ಉದಯ'ವನ್ನು 1974ರ ಮಾರ್ಚಿನ ಒಂದು ವಾರಕ್ಕೆ ಕಟ್ಟುವ ಕಾಲಗಣನೆಯನ್ನು ಕೈಬಿಡಬೇಕಾಗುತ್ತದೆ. ಆ ಗೆಲುವನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. ಮುಂಬೈಯನ್ನು ಮುರಿದದ್ದು ಪ್ರಸನ್ನರ ತಂಡ, ಅದಕ್ಕೆ ಪಾಲುದಾರರಿಲ್ಲ. ಆದರೆ ಅಂದು ಆ ಕಾರ್ಡಿನ ಮೇಲೆ ಅಚ್ಚಾದ ಪದ ಸಾಧಿಸಿದ್ದರ ವರದಿಯಾಗಿರಲಿಲ್ಲ, ನವಲಗುಂದಕ್ಕೂ ಕುಂದಗೋಳಕ್ಕೂ ಬರೆದುಕೊಟ್ಟ ಕೈಗಡದ ಚೀಟಿಯಾಗಿತ್ತು. ಅದರ ಮೊದಲ ಕಂತು ಸಂದಾಯವಾದದ್ದು 1995 ಮತ್ತು 1999ರ ನಡುವೆ, ಅಣ್ಣಿಗೇರಿಯ ಮೇಲೆ ಹಾದು ಹುಬ್ಬಳ್ಳಿಗೆ ಹೋಗುತ್ತಿದ್ದ ರೈಲಿನಿಂದ ಇಳಿದ ಒಬ್ಬ ಎಡಗೈ ಬೌಲರನ ಕೈಯಿಂದ. ಉಳಿದ ಕಂತುಗಳ ಲೆಕ್ಕ ಬರೆಯುವವರು ಇನ್ನು ಮೇಲೆ ಸ್ಕೋರ್ ಕಾರ್ಡಿನ ಜೊತೆಗೆ ರೈಲಿನ ವೇಳಾಪಟ್ಟಿಯನ್ನೂ ತೆರೆದಿಟ್ಟುಕೊಳ್ಳಬೇಕು.